ಹಂಪಿಯ ಮೆಟ್ಟಿಲು ಕೊಳ ಮತ್ತು ಕಲ್ಲಿಗೊಂದು ವಿಳಾಸ



ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕು, ಅದನ್ನು ನಿರ್ದೇಶಕರಲ್ಲೇ ಯಾರಾದರೂ ಬರೆಯಬೇಕು ಎಂದು ತೀರ್ಮಾನವಾದಾಗ ಆ ಹೊಣೆ ನಮ್ಮ ಪಾಲಿಗೆ ಬಂತು. ನಾವು ಎಸ್ಸೆಸ್ಸೆಲ್ಸಿ ಓದಿ ಹೊಲಕ್ಕೆ ಇಳಿದವರು. ಶಾಸನ ಓದುವ ವಿದ್ಯೆ ನಮ್ಮದಲ್ಲ. ಆದರೆ ಕಲ್ಲು, ನೀರು, ಕಾಲುವೆ ಇವುಗಳ ವಿಷಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಹಂಪಿಗೆ ಹೋದ ಹತ್ತು ಜನರಲ್ಲಿ ಒಂಬತ್ತು ಜನ ನೋಡಿಯೂ ನೋಡದೆ ಬರುವ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇವೆ.

ಹಂಪಿ ಅಂದ ಕೂಡಲೆ ಎಲ್ಲರ ಕಣ್ಣಿಗೆ ಬರುವುದು ವಿಠ್ಠಲ ಗುಡಿಯ ಕಲ್ಲಿನ ರಥ. 2017ರಿಂದ ಅದು 50 ರೂಪಾಯಿ ನೋಟಿನ ಮೇಲೂ ಬಂದಿದೆ. ಆಮೇಲೆ ವಿರೂಪಾಕ್ಷ, ಉಗ್ರ ನರಸಿಂಹ, ಕಮಲ ಮಹಲು. ಅರಮನೆ ಆವರಣಕ್ಕೆ ಹೋದವರು ಮಹಾನವಮಿ ದಿಬ್ಬ ಹತ್ತಿ ಇಳಿದು, ಹತ್ತಿರದಲ್ಲೇ ಇರುವ ಮೆಟ್ಟಿಲು ಕೊಳದ ಮುಂದೆ ಫೋಟೋ ತೆಗೆಸಿಕೊಂಡು ಬಸ್ಸಿಗೆ ಓಡ್ತಾರೆ. ಆ ಕೊಳದ ಕಲ್ಲುಗಳ ಮೇಲೆ ಏನಿದೆ ಅಂತ ಬಗ್ಗಿ ನೋಡುವವರು ಕಡಿಮೆ.

ಈ ಕೊಳ 1980ರ ದಶಕದವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1565ರ ಯುದ್ಧದ ನಂತರ ಪಟ್ಟಣ ಹಾಳಾಗಿ, ಅರಮನೆ ಆವರಣದ ಮೇಲೆ ಮಣ್ಣು ತುಂಬಿ, ನಾಲ್ಕು ನೂರು ವರ್ಷ ಅದು ನೆಲದೊಳಗೇ ಉಳಿಯಿತು. ಭಾರತೀಯ ಪುರಾತತ್ವ ಇಲಾಖೆಯವರು ಅಗೆದಾಗ ಹೊರಬಂತು. ಪ್ರತಿ ಪಕ್ಕ ಸುಮಾರು 22 ಮೀಟರಿನ ಚೌಕ, ಆಳ ಸುಮಾರು 7 ಮೀಟರ್, ಕೆಳಗೆ ಹೋದಂತೆ ಕಿರಿದಾಗುವ ಐದು ಅಂತಸ್ತು. ಒಂದೊಂದು ಅಂತಸ್ತಿಗೂ ಗೋಪುರದ ಆಕಾರದಲ್ಲಿ ಜೋಡಿಸಿದ ಪುಟ್ಟ ಪುಟ್ಟ ಮೆಟ್ಟಿಲುಗಳು. ನೀರು ಎಷ್ಟು ಇಳಿದರೂ ಇಳಿಯುವವನ ಕಾಲಿಗೆ ಒಂದು ಮೆಟ್ಟಿಲು ಸಿಕ್ಕೇ ಸಿಗುತ್ತದೆ.

ವಿಶೇಷ ಇರುವುದು ಕಲ್ಲಿನಲ್ಲಿ. ಹಂಪಿಯ ಸುತ್ತ ಮುತ್ತ ಎತ್ತ ನೋಡಿದರೂ ಕಣಶಿಲೆಯ ಬಂಡೆ. ಕೋಟೆ, ಗುಡಿ, ಮಂಟಪ ಬಹುತೇಕ ಅದರಲ್ಲೇ ಕಟ್ಟಿದ್ದಾರೆ. ಈ ಕೊಳದ ಕಲ್ಲು ಮಾತ್ರ ಬೇರೆ. ಕಪ್ಪು ಹಸಿರು ಬಣ್ಣದ, ಬಳಪದ ಕಲ್ಲಿನ ಹತ್ತಿರದ ಜಾತಿ. ಉಳಿ ಹಾಕಿದರೆ ಮೆತ್ತಗೆ ಬರುತ್ತದೆ, ಅಂಚು ಚೂಪಾಗಿ ನಿಲ್ಲುತ್ತದೆ. ಹಂಪಿ ಬಂಡೆಯಲ್ಲಿ ಇಷ್ಟು ನುಣುಪು ಕೆಲಸ ಇಷ್ಟು ಸುಲಭಕ್ಕೆ ಆಗುವ ಮಾತಲ್ಲ.

ಈ ಕಲ್ಲುಗಳ ಮೇಲೆ ಗುರುತುಗಳಿವೆ. ಅವು ಅಲಂಕಾರವೂ ಅಲ್ಲ, ದೇವರ ಹೆಸರೂ ಅಲ್ಲ. ಈ ಕಲ್ಲು ಯಾವ ದಿಕ್ಕಿನದು, ಎಷ್ಟನೇ ಸಾಲಿನದು, ಸಾಲಿನಲ್ಲಿ ಯಾವ ಜಾಗದ್ದು ಎಂದು ತಿಳಿಸುವ ಗುರುತು. ಒಟ್ಟಿನಲ್ಲಿ ಒಂದೊಂದು ಕಲ್ಲಿಗೂ ಅಂಚೆ ಕಾಗದದ ಮೇಲೆ ಬರೆದ ಹಾಗೆ ವಿಳಾಸ ಬರೆದಿದ್ದಾರೆ.

ಇದನ್ನು ನಾವು ಊರಿನ ಲೆಕ್ಕದಲ್ಲಿ ಹೇಳಬೇಕೆಂದರೆ ಹೀಗೆ. ಹಳೇ ಮನೆ ಬಿಚ್ಚಿ ಬೇರೆ ಕಡೆ ಕಟ್ಟುವಾಗ ಬಡಗಿ ಮೊದಲು ಏನು ಮಾಡ್ತಾನೆ? ತೊಲೆ, ಬೋದಿಗೆ, ಜಂತಿ ಎಲ್ಲದಕ್ಕೂ ಉಳಿಯಿಂದ ಒಂದು ಗೀರು, ಎರಡು ಗೀರು ಅಂತ ಹಾಕ್ತಾನೆ. ಇದು ಪಡಸಾಲೆದು, ಇದು ದನದ ಕೊಟ್ಟಿಗೆದು ಅಂತ. ಆ ಗೀರು ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಒಂದು ತೊಲೆಯೂ ತನ್ನ ತೂತಿಗೆ ಕೂಡುವುದಿಲ್ಲ. ನಿಂತ ಜಾಗದಲ್ಲೇ ಕೆತ್ತಿ ನಿಂತ ಜಾಗದಲ್ಲೇ ಇಡುವ ಕಲ್ಲಿಗೆ ಯಾರೂ ವಿಳಾಸ ಬರೆಯುವುದಿಲ್ಲ. ಅಂದಮೇಲೆ ಈ ಕಲ್ಲುಗಳು ಬಿಡಿಬಿಡಿಯಾಗಿ ಬೇರೆ ಕಡೆಯಿಂದ ಬಂದವು.

ಹೇಗೆ ಬಂದವು ಎಂಬಲ್ಲಿ ಎರಡು ಅಭಿಪ್ರಾಯಗಳಿವೆ. ಎಲ್ಲವನ್ನೂ ಕಲ್ಲು ಸಿಗುವ ಕಡೆ ಅಳತೆ ಪ್ರಕಾರ ಕಡೆದು, ಇಲ್ಲಿಗೆ ತಂದು ಜೋಡಿಸಿದರು ಎಂಬುದು ಒಂದು. ಹಳೇ ಕಾಲದ ಕೊಳವೊಂದನ್ನು ಬಿಚ್ಚಿ ತಂದು ಅರಮನೆಯಲ್ಲಿ ಮತ್ತೆ ಕಟ್ಟಿದರು ಎಂಬುದು ಇನ್ನೊಂದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಗದಗ, ಬಳ್ಳಾರಿ ಸೀಮೆಯಲ್ಲಿ ಇಂಥ ಮೆತ್ತನೆ ಕಲ್ಲಿನ ಗುಡಿಗಳು ಬಹಳ ಆದವು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಈ ಮೆಟ್ಟಿಲುಗಳ ನೆಂಟಸ್ತನ ಹೇಳಬೇಕಾಗಿಲ್ಲ. ನಮ್ಮ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಬಿಚ್ಚಿ ಕಟ್ಟುವುದು ನಮ್ಮ ಜನಕ್ಕೆ ಹೊಸದಲ್ಲ. ಯಾವುದೇ ಆಗಲಿ, ಗಾಡಿ ಮೇಲೆ ಬಂದ ರಾಶಿ ಕಲ್ಲನ್ನು ತಪ್ಪದೆ ಕೂಡಿಸಿದ ಆ ಲೆಕ್ಕದ ಬುದ್ಧಿ ಮೆಚ್ಚುವಂಥದ್ದು.

ಕೊಳಕ್ಕೆ ನೀರು ಬರುತ್ತಿದ್ದುದು ಕಲ್ಲಿನ ಕಾಲುವೆಯಿಂದ. ಕಂಬಗಳ ಮೇಲೆ, ನಡುವೆ ತೋಡಿದ ಉದ್ದನೆ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದಾರೆ. ನಮ್ಮ ದನ ನೀರು ಕುಡಿಯುವ ಬಾನಿಗಳನ್ನು ಸಾಲಾಗಿ ಇಟ್ಟು ಎರಡೂ ತುದಿ ಒಡೆದ ಹಾಗೆ. ಅರಮನೆ ಭಾಗಕ್ಕೆ ಕಮಲಾಪುರದ ಕೆರೆಯಿಂದ ನೀರು ಹರಿಸುತ್ತಿದ್ದರು. ಕೆಲವು ಕಡೆ ಸುಟ್ಟ ಮಣ್ಣಿನ ಕೊಳವೆಗಳೂ ಇದ್ದವು. ಯಾವ ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನ ಲೆಕ್ಕ. ಆ ಕಾಲದ ತುರ್ತು ಕಾಲುವೆ ಇವತ್ತಿಗೂ ಹಂಪಿಯ ಬಾಳೆ ತೋಟ, ಗದ್ದೆಗಳಿಗೆ ನೀರುಣಿಸುತ್ತಿದೆ.

ಕೆಲಸ ಹಂಚಿಕೊಂಡು ಮಾಡುವುದು ಆಗಿನವರಿಗೆ ಚೆನ್ನಾಗಿ ಗೊತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂದು ದೊಡ್ಡ ಕೆರೆ ಕಟ್ಟುವುದನ್ನು ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕಾಣುತ್ತಿದ್ದರು, ರಾಜ ಕೆಲಸವನ್ನು ದಳಪತಿಗಳಿಗೆ ಭಾಗ ಮಾಡಿ ಕೊಟ್ಟಿದ್ದ ಎಂದು ಅವನು ಬರೆದಿದ್ದಾನೆ. ಆ ಇರುವೆಗಳಲ್ಲಿ ಒಬ್ಬನ ಹೆಸರೂ ಆ ಬರಹದಲ್ಲಿ ಇಲ್ಲ. ಕೊಳದ ಕಲ್ಲಿನ ಮೇಲಾದರೂ ಅಂಥ ಕೆಲಸಗಾರನ ಕೈಬರಹ ಉಳಿದಿದೆಯಲ್ಲ, ಅದೇ ದೊಡ್ಡದು.

ಈ ಪದ್ಧತಿ ಇನ್ನೂ ಹೋಗಿಲ್ಲ. ನಮ್ಮ ತುಂಗಭದ್ರೆ ಕೃಷ್ಣೆಯನ್ನು ಸೇರುವ ಕೂಡಲಿಯಲ್ಲಿದ್ದ ಸಂಗಮೇಶ್ವರ ಗುಡಿ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿಗೆ ಮುಳುಗುವಂತಾದಾಗ, ಅದನ್ನು ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲ ನಿದ್ದೆ ಬಿಟ್ಟು ಕೂತಿದ್ದೆವು. ಆಗಲೂ ಹೊರಗೆ ಮಾಡಿದ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿಯೇ ನೀರು ನಿಲ್ಲಿಸಿದ್ದು.

ಬಿಚ್ಚುವ ಮೊದಲು ಗುರುತು ಹಾಕಿದರೆ ಸರಿ. ತಾನಾಗಿ ಬಿದ್ದರೆ, ಇಲ್ಲ ಯಾರೋ ಕೆಡವಿದರೆ ಕಷ್ಟ. 2019ರಲ್ಲಿ ಕೆಲವು ಹುಡುಗರು ಹಂಪಿಯಲ್ಲಿ ಕಂಬ ಉರುಳಿಸಿದ ವಿಡಿಯೊ ನಾಡೆಲ್ಲ ನೋಡಿತು. ಹೊಸಪೇಟೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿ ಮುಂದಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು.

ಇಲ್ಲಿ ನಮ್ಮ ಸಂಘದ ಮಾತೂ ಒಂದಿದೆ. ಗೋದಾಮು ಕಟ್ಟುವಾಗ ಹಳೇ ಕಡೆದ ಕಲ್ಲು ಅಗ್ಗಕ್ಕೆ ಸಿಗ್ತಾವೆ, ಅಡಿಪಾಯಕ್ಕೆ ಹಾಕಿಬಿಡೋಣ ಎಂಬ ಮಾತು ಬಂದಿತ್ತು. ಎರಡು ಲೋಡು ತೋರಿಸಲಿಕ್ಕೂ ತಂದಿದ್ದರು. ಒಂದೆರಡು ಕಲ್ಲಿನ ಅಂಚಿನಲ್ಲಿ ಉಳಿಯ ಗುರುತು ಕಂಡವು. ಮಂಡಳಿ ಸಭೆಯಲ್ಲಿ ರಾತ್ರಿ ಹನ್ನೊಂದರ ತನಕ ವಾದ ಆಯಿತು. ರೈತರ ದುಡ್ಡು ಉಳಿಸೋದು ಮುಖ್ಯವೋ, ಎಲ್ಲಿಂದಲೋ ಬಂದ ಕಲ್ಲು ಮುಖ್ಯವೋ ಎಂದು ಒಬ್ಬರು ಕೇಳಿದ್ದರಲ್ಲಿ ನ್ಯಾಯ ಇರಲಿಲ್ಲ ಅನ್ನುವ ಹಾಗಿಲ್ಲ. ಕಡೆಗೆ ಲೋಡು ವಾಪಸು ಕಳಿಸಿ ಕ್ವಾರಿ ಕಲ್ಲೇ ತರಿಸಿದೆವು. ಖರ್ಚು ಏರಿತು. ಆ ಬಾಬ್ತು ಏಕೆ ಹೆಚ್ಚು ಎಂದು ಕೆಲವು ಸದಸ್ಯರು ವಾರ್ಷಿಕ ಸಭೆಯಲ್ಲಿ ಈಗಲೂ ಕೇಳುತ್ತಾರೆ. ಅವರಿಗೆ ಈ ಲೇಖನವೇ ನಮ್ಮ ಉತ್ತರ.

ಹಂಪಿಗೆ ಹೋಗುವವರು ಕೊಳದ ದಂಡೆಯ ಮೇಲೆಯೇ ನಿಂತು ನೋಡಿರಿ. ಬಿಸಿಲು ನೆತ್ತಿಗೆ ಬಂದಾಗ ಗುರುತು ಕಾಣುವುದಿಲ್ಲ. ಬೆಳಿಗ್ಗೆ ಇಲ್ಲವೆ ಇಳಿಹೊತ್ತಿನಲ್ಲಿ, ಬೆಳಕು ಅಡ್ಡಡ್ಡ ಬಿದ್ದಾಗ ಉಳಿಯ ಗೆರೆಗಳು ಎದ್ದು ಕಾಣುತ್ತವೆ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಅವೇ ಮೊದಲು ಹುಡುಕುತ್ತವೆ.