ಚಿಲ್ಲರೆ ಕಾಸಿನ ಶೌಚಾಲಯ

ಶೌಚಕ್ಕೆ ಹೋಗಲು ಯಾರಾದರೂ ಕಾಸು ಕೊಡುತ್ತಾರೆಯೇ? 1974ರಲ್ಲಿ ಪಾಟ್ನಾದಲ್ಲಿ ಸುಲಭ್ ಸಂಸ್ಥೆ ಶುಲ್ಕದ ಸಾರ್ವಜನಿಕ ಶೌಚಾಲಯ ತೆರೆಯಿತು. ಜನ ಚಿಲ್ಲರೆ ಹಿಡಿದು ಸಾಲುಗಟ್ಟಿದರು.

ಬಿಂದೇಶ್ವರ ಪಾಠಕ್ 1970ರಲ್ಲಿ ಕಟ್ಟಿದ ಸಂಸ್ಥೆಯದು. ಕಟ್ಟಡ ಕಟ್ಟಿ ಬೀಗ ಜಡಿಯುವುದು ಅಥವಾ ಕಟ್ಟಿ ಮರೆಯುವುದು ಅಂದಿನ ರೂಢಿ; ನೀರಿಲ್ಲದೆ, ಗುಡಿಸುವವರಿಲ್ಲದೆ ತಿಂಗಳೊಪ್ಪತ್ತಿನಲ್ಲಿ ಅದು ಕಾಲಿಡಲಾಗದ ಜಾಗವಾಗುತ್ತಿತ್ತು. ಪಾಠಕ್ ಲೆಕ್ಕ ಬೇರೆ: ಹಗಲಿರುಳು ಕಾವಲಿನವರು, ಕೈತೊಳೆಯಲು ಸೋಪಿನ ಪುಡಿ, ಬಂದ ಕಾಸಿನಿಂದಲೇ ನಿರ್ವಹಣೆ.

ಮನೆಗಳಿಗೆ ಅವರು ಕೊಟ್ಟಿದ್ದು ಎರಡು ಗುಂಡಿಯ ಶೌಚಾಲಯ. ಒಂದು ತುಂಬಿದರೆ ಮತ್ತೊಂದಕ್ಕೆ ತಿರುಗಿಸುವುದು. ತುಂಬಿದ್ದು ಕೆಲಕಾಲದಲ್ಲಿ ಗೊಬ್ಬರವಾಗುತ್ತದೆ. ಮಲವನ್ನು ಕೈಯಿಂದ ಬಳಿಯುವ ಅಗತ್ಯವೇ ಇಲ್ಲ.

ಅದೇ ದಶಕದಲ್ಲಿ ಕರ್ನಾಟಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಮಟ್ಟದ ಕಾಯ್ದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ.

ಕೆಲಸದ ಜಾಗದ ನಿಯಮ ಇದಕ್ಕಿಂತ ಹಳೆಯದು. 1948ರ ಕಾರ್ಖಾನೆ ಕಾಯ್ದೆ ಹೆಣ್ಣು–ಗಂಡಿಗೆ ಪ್ರತ್ಯೇಕ ಶೌಚಾಲಯ ಕಡ್ಡಾಯ ಮಾಡಿತು. 250ಕ್ಕೂ ಹೆಚ್ಚು ಕಾರ್ಮಿಕರಿದ್ದಲ್ಲಿ ನೆಲ, ಗೋಡೆ, ಶೌಚದ ಬೋಗುಣಿಗಳನ್ನು ವಾರಕ್ಕೊಮ್ಮೆಯಾದರೂ ಮಾರ್ಜಕ ಅಥವಾ ಸೋಂಕುನಿವಾರಕ ಹಾಕಿ ತೊಳೆಯಬೇಕೆಂದಿತು. ಕಾನೂನಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತೊಳೆಯುವವರಿಗೆ ಸಲ್ಲಬೇಕಾದ ಕೂಲಿ ಮತ್ತು ಗೌರವಕ್ಕೆ.