ಫಾಯ್ಲಸ್‌ನ 55 ಅಡಿ: ಒಬ್ಬ ಹವ್ಯಾಸಿ ಇತಿಹಾಸಕಾರನ ಶೋಧ ಮತ್ತು ಅದರ ಮಿತಿ

ಕ್ರೋಟನ್ ನಗರದ ಫಾಯ್ಲಸ್ ಎಂಬಾತ 55 ಅಡಿ ಜಿಗಿದ, ಡಿಸ್ಕಸ್ಸನ್ನು ನೂರಕ್ಕೆ ಐದು ಕಡಿಮೆ ಅಡಿ ದೂರ ಎಸೆದ ಎಂದು ಸಾರುವ ಎರಡು ಸಾಲಿನ ಗ್ರೀಕ್ ಪದ್ಯವೊಂದಿದೆ. ಪ್ರಾಚೀನ ಗ್ರೀಸಿನ ಕ್ರೀಡೆಯ ಬಗ್ಗೆ ಬರೆದವರೆಲ್ಲ ಒಂದಲ್ಲ ಒಂದು ಸಲ ಈ ಪದ್ಯದ ಮುಂದೆ ನಿಂತು ತಲೆ ಕೆರೆದುಕೊಂಡಿದ್ದಾರೆ. ಡೆಲ್ಫಿಯ ಓಟದ ಅಂಗಳ ಸುಮಾರು 177.5 ಮೀಟರ್ ಉದ್ದವಿದೆ. ಅದು 600 ಅಡಿಯ ಅಂಗಳವಾದ್ದರಿಂದ ಅಲ್ಲಿನ ಒಂದಡಿ ಎಂದರೆ 29.6 ಸೆಂಟಿಮೀಟರ್. ಒಲಿಂಪಿಯಾದ ಅಡಿ ಇನ್ನೂ ದೊಡ್ಡದು, ಸುಮಾರು 32 ಸೆಂಟಿಮೀಟರ್. ಚಿಕ್ಕ ಅಡಿಯನ್ನೇ ಹಿಡಿದು ಲೆಕ್ಕ ಹಾಕಿದರೂ ಫಾಯ್ಲಸ್‌ನ ಜಿಗಿತ 16 ಮೀಟರ್ ದಾಟುತ್ತದೆ. 1991ರಲ್ಲಿ ಟೋಕಿಯೋದಲ್ಲಿ ಮೈಕ್ ಪೊವೆಲ್ ಬರೆದ ಉದ್ದ ಜಿಗಿತದ ವಿಶ್ವದಾಖಲೆ 8.95 ಮೀಟರ್.

ಪದ್ಯದ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. 95 ಅಡಿಯ ಡಿಸ್ಕಸ್ ಎಸೆತವೆಂದರೆ 28ರಿಂದ 30 ಮೀಟರ್. ಪ್ರಾಚೀನ ಡಿಸ್ಕಸ್‌ಗಳ ತೂಕ ಒಂದೇ ಸಮನಾಗಿರಲಿಲ್ಲ ಎಂಬುದು ನಿಜ. ಆದರೂ 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಾಬರ್ಟ್ ಗ್ಯಾರೆಟ್ ಗೆದ್ದಿದ್ದು 29.15 ಮೀಟರ್ ಎಸೆತದಿಂದ. ಅಂದರೆ ಎಸೆತದಲ್ಲಿ ಫಾಯ್ಲಸ್ ನಮ್ಮ ನಿಮ್ಮಂಥ ಮನುಷ್ಯರ ಸಾಲಿನಲ್ಲೇ ಇದ್ದಾನೆ. ಅದೇ ಕೂಟದ ಉದ್ದ ಜಿಗಿತ ಗೆದ್ದ ಎಲರಿ ಕ್ಲಾರ್ಕ್ ಹಾರಿದ್ದು 6.35 ಮೀಟರ್; ಫಾಯ್ಲಸ್‌ನದು ಅದರ ಎರಡೂವರೆ ಪಟ್ಟು. ಒಬ್ಬನೇ ಆಳು, ಒಂದೇ ಪದ್ಯ, ಕೈಯಲ್ಲಿ ಸಾಧಾರಣ ಬಲ, ಕಾಲಲ್ಲಿ ಹನುಮಂತನ ಬಲ.

ಈ ಗಂಟನ್ನು ಮೊದಲು ಗಟ್ಟಿಯಾಗಿ ಹಿಡಿದೆಳೆದವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ, ಇಂಗ್ಲೆಂಡಿನ ಎಪ್ಸಮ್ ಕಾಲೇಜ್ ಎಂಬ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಇ. ನಾರ್ಮನ್ ಗಾರ್ಡಿನರ್ (1864–1930). ಶಾಲೆಯ ಕೆಲಸದ ನಡುವೆ ಗ್ರೀಕ್ ಕ್ರೀಡೆಯನ್ನು ಹವ್ಯಾಸವಾಗಿ ಅಭ್ಯಾಸ ಮಾಡಿದ ಈತ 1904ರಲ್ಲಿ ‘ಜರ್ನಲ್ ಆಫ್ ಹೆಲೆನಿಕ್ ಸ್ಟಡೀಸ್’ ಪತ್ರಿಕೆಯಲ್ಲಿ ಫಾಯ್ಲಸ್‌ನ ಜಿಗಿತದ ಮೇಲೆ ಲೇಖನ ಬರೆದ. 1910ರಲ್ಲಿ ಗ್ರೀಕ್ ಕ್ರೀಡೆ ಮತ್ತು ಕ್ರೀಡೋತ್ಸವಗಳ ಕುರಿತ ದೊಡ್ಡ ಗ್ರಂಥ ಬಂತು, 1930ರಲ್ಲಿ ಇನ್ನೊಂದು. ಇಂಗ್ಲಿಷ್ ಓದುಗರ ಪಾಲಿಗೆ ಹಲವು ದಶಕಗಳ ಕಾಲ ಈ ವಿಷಯದಲ್ಲಿ ಗಾರ್ಡಿನರ್ ಹೇಳಿದ್ದೇ ಕಡೆಯ ಮಾತಾಗಿತ್ತು. ಜಿಗಿತದ ವಿಷಯದಲ್ಲಿ ಆತನ ವಿಧಾನ ಇಂದಿಗೂ ನಿಲ್ಲುತ್ತದೆ, ಆದರೆ ಅದೇ ವಿಧಾನವನ್ನು ತನಗೆ ಪ್ರಿಯವಾದ ನಂಬಿಕೆಯೊಂದಕ್ಕೆ ಆತ ಅನ್ವಯಿಸಲಿಲ್ಲ ಎಂಬುದು ಈ ಲೇಖನದ ವಾದ.

ಗಾರ್ಡಿನರ್‌ಗೆ ಮುಂಚಿನ ಪಂಡಿತರು ಕೇಳುತ್ತಿದ್ದ ಪ್ರಶ್ನೆ, ಇಷ್ಟು ದೂರ ಹೇಗೆ ಜಿಗಿದಾನು ಎಂಬುದು. ಎತ್ತರದ ಹಲಗೆಯಿಂದ ಹಾರಿರಬೇಕು ಎಂದರು ಕೆಲವರು. ಈಗಿನ ಟ್ರಿಪಲ್ ಜಂಪ್‌ನಂತೆ ಮೂರು ನೆಗೆತ ಸೇರಿರಬೇಕು ಎಂದರು ಮತ್ತೆ ಕೆಲವರು. ಗಾರ್ಡಿನರ್ ಪ್ರಶ್ನೆಯನ್ನೇ ಬದಲಿಸಿದ: ಹೀಗೆ ಜಿಗಿದನೆಂದು ಹೇಳುವವರು ಯಾರು, ಅವರು ಯಾವ ಕಾಲದವರು?

ಸಾಕ್ಷಿಗಳನ್ನು ಕಾಲಾನುಕ್ರಮದಲ್ಲಿ ಕರೆಯೋಣ. ಹೆರೊಡೋಟಸ್ ಫಾಯ್ಲಸ್‌ನನ್ನು ಬಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ವಿರುದ್ಧ ನಡೆದ ಸಲಾಮಿಸ್ ಕದನಕ್ಕೆ ದಕ್ಷಿಣ ಇಟಲಿಯ ಗ್ರೀಕರಿಂದ ಬಂದ ಒಂದೇ ಒಂದು ಹಡಗಿನ ನಾಯಕ ಇವನು, ಡೆಲ್ಫಿಯ ಪೈಥಿಯನ್ ಕ್ರೀಡಾಕೂಟದಲ್ಲಿ ಮೂರು ಸಲ ಗೆದ್ದವನು ಎನ್ನುತ್ತಾನೆ. ಜಿಗಿತದ ಸುದ್ದಿಯಿಲ್ಲ. ಕ್ರಿ.ಪೂ. 425ರ ‘ಅಕಾರ್ನಿಯನ್ಸ್’ ಪ್ರಹಸನದಲ್ಲಿ ಅರಿಸ್ಟೋಫೇನಿಸ್‌ನ ಮುದುಕರು, ವಯಸ್ಸಿದ್ದಾಗ ಇದ್ದಿಲ ಹೊರೆ ಹೊತ್ತೇ ಫಾಯ್ಲಸ್‌ನ ಬೆನ್ನಟ್ಟಿ ಓಡುತ್ತಿದ್ದೆವು ಎಂದು ಕೊಚ್ಚಿಕೊಳ್ಳುತ್ತಾರೆ. ಅಲ್ಲಿ ಅವನು ಓಟಗಾರ. ಅಲೆಕ್ಸಾಂಡರ್ ಪರ್ಷಿಯನ್ನರ ಮೇಲೆ ಗೆದ್ದ ಮೇಲೆ ಫಾಯ್ಲಸ್‌ನ ನೆನಪಿಗಾಗಿ ಕೊಳ್ಳೆಯ ಪಾಲನ್ನು ಕ್ರೋಟನ್‌ಗೆ ಕಳಿಸಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಕಾರಣ ಸಲಾಮಿಸ್‌ನ ಹಡಗು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಡೆಲ್ಫಿಗೆ ಹೋದ ಪೌಸಾನಿಯಸ್ ಅವನ ಪ್ರತಿಮೆಯನ್ನು ಕಂಡು, ಗೆಲುವುಗಳ ವಿವರ ಕೊಡುತ್ತಾನೆ: ಜಿಗಿತ, ಡಿಸ್ಕಸ್ ಸೇರಿದ ಐದು ಸ್ಪರ್ಧೆಗಳ ಪೆಂಟಾಥ್ಲಾನ್‌ನಲ್ಲಿ ಎರಡು, ಓಟದಲ್ಲಿ ಒಂದು, ಒಲಿಂಪಿಯಾದಲ್ಲಿ ಒಂದೂ ಇಲ್ಲ. ದಂತಕತೆ ಕೇಳಿದರೆ ಬಿಡದೆ ಬರೆದುಕೊಳ್ಳುವ ಪೌಸಾನಿಯಸ್ ಕೂಡ 55 ಅಡಿಯ ಬಗ್ಗೆ ಸುಮ್ಮನಿದ್ದಾನೆ.

ಹಾಗಾದರೆ ಪದ್ಯ ಎಲ್ಲಿ ಸಿಗುತ್ತದೆ? ಗಾದೆಗಳ ಸಂಗ್ರಹಕಾರರಲ್ಲಿ, ಅರಿಸ್ಟೋಫೇನಿಸ್‌ನ ನಾಟಕಕ್ಕೆ ಬರೆದ ಹಳೆಯ ಟಿಪ್ಪಣಿಗಳಲ್ಲಿ, 10ನೇ ಶತಮಾನದ ಬೈಜಾಂಟಿಯಂನ ‘ಸೂದಾ’ ಕೋಶದಲ್ಲಿ. ಜಿಗಿತಗಾರ ಇಳಿಯಲೆಂದು ಅಗೆದು ಸಡಿಲಿಸಿದ ಮಣ್ಣಿನ ಜಾಗವನ್ನು ದಾಟಿ ಹಾರುವುದು ಎಂಬ ಗಾದೆಯೊಂದು ಗ್ರೀಕರಲ್ಲಿತ್ತು; ಮೇರೆ ಮೀರುವುದು ಎಂದು ಅದರ ಭಾವ. ಅಗೆದ ನೆಲ 50 ಅಡಿ ಇತ್ತು, ಫಾಯ್ಲಸ್ ಅದನ್ನೂ ದಾಟಿದ ಎಂದು ವ್ಯಾಖ್ಯಾನಕಾರರು ಗಾದೆಯನ್ನು ಬಿಡಿಸುತ್ತಾರೆ. ಆದರೆ ಪ್ಲೇಟೋ ತನ್ನ ‘ಕ್ರಾಟಿಲಸ್’ ಸಂವಾದದಲ್ಲಿ ಈ ಗಾದೆಯನ್ನು ಫಾಯ್ಲಸ್‌ನ ಹೆಸರೆತ್ತದೆಯೇ ಬಳಸಿದ್ದಾನೆ. ಗಾದೆ ಮೊದಲಿತ್ತು, ಅದಕ್ಕೊಂದು ಕತೆ ಬೇಕಾಯಿತು, ಕತೆಗೊಬ್ಬ ನಾಯಕ ಬೇಕಾಯಿತು ಎಂದು ನಾನು ಊಹಿಸುತ್ತೇನೆ. ಐವತ್ತರ ಮೇಲೆ ಐದು, ನೂರಕ್ಕೆ ಐದು ಕಡಿಮೆ ಎಂಬ ಜೋಡಣೆಯೇ ಲೆಕ್ಕದವನದಲ್ಲ, ಪದ್ಯ ಕಟ್ಟುವವನದು. ಗಾರ್ಡಿನರ್ ಇದನ್ನು ತಡವಾಗಿ ಹುಟ್ಟಿದ ವಿನೋದದ ರಚನೆ ಎಂದು ತಳ್ಳಿಹಾಕಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಚಾಟುಪದ್ಯ. ರಾಜನ ಕೊಡುಗೈಯನ್ನು ಹೊಗಳುವ ಚಾಟುಪದ್ಯದಿಂದ ಬೊಕ್ಕಸದ ಲೆಕ್ಕ ತೆಗೆಯಲಾಗದು.

ಏಳನೆಯ ಶತಮಾನದ (ಕ್ರಿ.ಪೂ.) ಸ್ಪಾರ್ಟಾದ ಓಟಗಾರ ಕಿಯೋನಿಸ್ 52 ಅಡಿ ಜಿಗಿದನೆಂಬ ಇನ್ನೊಂದು ಹೇಳಿಕೆಯೂ ಇದೆ. ಅದು ಬರುವುದು ಕ್ರಿ.ಶ. ಮೂರನೆಯ ಶತಮಾನದ ಲೇಖಕ ಆಫ್ರಿಕಾನಸ್ ಕೊಟ್ಟ ಒಲಿಂಪಿಕ್ ವಿಜೇತರ ಪಟ್ಟಿಯಲ್ಲಿ, ಘಟನೆಯಾಗಿ ಒಂಬತ್ತು ಶತಮಾನ ಕಳೆದ ಮೇಲೆ. ಇಂಥ ಪಟ್ಟಿಗಳ ಮೂಲವಾದ ಎಲಿಸ್‌ನ ಹಿಪ್ಪಿಯಸ್‌ನ ಪಟ್ಟಿಯೇ ನೆಚ್ಚಲು ತಕ್ಕ ಆಧಾರವಿಲ್ಲದ್ದೆಂದು ಪ್ಲೂಟಾರ್ಕ್ ಹಿಂದೆಯೇ ಎಚ್ಚರಿಸಿದ್ದ.

ಗಾರ್ಡಿನರ್ ಪಠ್ಯವಿಮರ್ಶೆಗಷ್ಟೇ ನಿಲ್ಲಲಿಲ್ಲ. ಆಟದ ಬಯಲನ್ನೂ ಸಾಕ್ಷಿಗೆ ಕರೆದ. 1854ರಲ್ಲಿ ಚೆಸ್ಟರ್‌ನಲ್ಲಿ ಹೊವಾರ್ಡ್ ಎಂಬ ಆಟಗಾರ ಕೈಯಲ್ಲಿ ಐದೈದು ಪೌಂಡಿನ ಭಾರ ಹಿಡಿದು, ಇಳಿಜಾರು ಹಲಗೆಯ ಮೇಲಿಂದ 29 ಅಡಿ 7 ಅಂಗುಲ ಹಾರಿದ್ದನ್ನು ಆತ ಉಲ್ಲೇಖಿಸುತ್ತಾನೆ. ಭಾರ, ಹಲಗೆ ಎರಡರ ನೆರವಿದ್ದೂ ಸಿಕ್ಕಿದ್ದು ಒಂಬತ್ತು ಮೀಟರ್ ಮಾತ್ರ. ಗ್ರಂಥಾಲಯ ಬಿಟ್ಟು ಏಳದ ಪಂಡಿತನಿಗೆ ಈ ಅಂಕಿ ಬೇಕೆಂದು ತೋರುವುದೇ ಇಲ್ಲ. ಹುಡುಗರ ಓಟ, ನೆಗೆತಗಳನ್ನು ದಿನವೂ ಕಾಣುವ ಶಾಲಾ ಮೇಷ್ಟ್ರಿಗೆ ತೋರಿತು.

ಭಾರ ಹಿಡಿದು ಜಿಗಿಯುವುದು ಗ್ರೀಕರ ಜಿಗಿತದ ವೈಶಿಷ್ಟ್ಯ. ‘ಹಾಲ್ಟೆರೆಸ್’ ಎಂಬ ಈ ಕೈಭಾರಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಎಲ್ಯೂಸಿಸ್‌ನಲ್ಲಿ ಸಿಕ್ಕ ಸೀಸದ ಭಾರದ ತೂಕ 1.888 ಕಿಲೋ. ಅಂಗೈಗೆ ಒಪ್ಪುವ ಚಪ್ಪಟೆ ಪಟ್ಟಿ. ಇದರಿಂದಲೇ ಎಪೈನೆಟಸ್ ಜಿಗಿತದಲ್ಲಿ ಗೆದ್ದನೆಂದು ಅದರ ಮೇಲೆ ಕೊರೆದಿದೆ. ಒಲಿಂಪಿಯಾದಲ್ಲಿ ಸಿಕ್ಕ ಇನ್ನೊಂದು ಕಲ್ಲಿನದು, ಬೆರಳು ತೂರಿಸಲು ತೋಡು ತೆಗೆದದ್ದು, 4.629 ಕಿಲೋ. ಸ್ಪಾರ್ಟಾದ ಅಕ್ಮಟಿಡಸ್ ಪೆಂಟಾಥ್ಲಾನ್ ಗೆದ್ದು ಅದನ್ನು ಹರಕೆಯಾಗಿ ಒಪ್ಪಿಸಿದ. ಎದುರಾಳಿಯೇ ಇಲ್ಲದೆ ಗೆದ್ದೆ ಎಂದು ಕಲ್ಲಿನ ಮೇಲೆ ಬರೆಸಿದ್ದಾನೆ, ಆದ್ದರಿಂದ ಅಂದು ಆತ ಜಿಗಿದನೋ ಇಲ್ಲವೋ! ಹರಕೆಯ ಕಲ್ಲು ಬಳಕೆಯ ಭಾರಕ್ಕಿಂತ ದಪ್ಪವಾಗಿ ಮಾಡಿಸಿದ್ದೂ ಇರಬಹುದು.

ಭಾರ ಹಿಡಿದರೆ ದೂರ ಹೆಚ್ಚುತ್ತದೆಂದು ಅರಿಸ್ಟಾಟಲನೇ ಬರೆದಿದ್ದ. ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಉತ್ತರ ಬಂದದ್ದು 2002ರಲ್ಲಿ. ಆಲ್ಬರ್ಟೊ ಮಿನೆಟ್ಟಿ ಮತ್ತು ಲೂಕಾ ಆರ್ಡಿಗೊ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂ ಕೈಯಲ್ಲಿ ಮೂರು ಮೂರು ಕಿಲೋ ಹಿಡಿದು ನಿಂತಲ್ಲಿಂದ ಜಿಗಿದರೆ ಮೂರು ಮೀಟರ್ ಜಿಗಿತಕ್ಕೆ ಕನಿಷ್ಠ 17 ಸೆಂಟಿಮೀಟರ್ ಕೂಡಿಕೊಳ್ಳುತ್ತದೆ. ಸ್ಪರ್ಧೆಯಲ್ಲಿ 17 ಸೆಂಟಿಮೀಟರ್ ಸಣ್ಣದಲ್ಲ. 16 ಮೀಟರಿನ ಕತೆಗೆ ಮಾತ್ರ ಅದು ಯಾವ ಮೂಲೆಗೂ ಸಾಲದು.

ಗಾರ್ಡಿನರ್‌ನ ತೀರ್ಪನ್ನು ಪ್ರಶ್ನಿಸಿದವರಲ್ಲಿ ಗಂಭೀರವಾಗಿ ಪರಿಗಣಿಸಬೇಕಾದವನು ಪೂರ್ವ ಜರ್ಮನಿಯ ಯೋಆಖಿಮ್ ಎಬರ್ಟ್. ಗ್ರೀಕರ ಜಿಗಿತ ನಿಂತಲ್ಲಿಂದ, ಎರಡೂ ಕಾಲು ಜೋಡಿಸಿ, ಒಂದರ ಹಿಂದೊಂದು ಐದು ಸಲ ನೆಗೆಯುವಂಥದು ಎಂದು ಆತ 1963ರಲ್ಲಿ ವಾದಿಸಿದ. ಲೆಕ್ಕ ಚೆನ್ನಾಗಿ ಕೂಡುತ್ತದೆ. 55 ಅಡಿಯನ್ನು ಐದರಿಂದ ಭಾಗಿಸಿದರೆ ನೆಗೆತಕ್ಕೆ 11 ಅಡಿ, ಅಂದರೆ 3.26 ಮೀಟರ್. ಗಾರ್ಡಿನರ್ ಲೇಖನ ಬರೆದ 1904ರಲ್ಲೇ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ರೇ ಯೂರಿ ನಿಂತಲ್ಲಿಂದ 3.47 ಮೀಟರ್ ಹಾರಿದ್ದ. 2005ರಲ್ಲಿ ಲೆನ್ವಾರ್ ಮತ್ತು ಸಂಗಡಿಗರು ಆಟಗಾರರಿಂದ ಐದು ನೆಗೆತ ಹಾಕಿಸಿ ಅಳೆದಾಗ, ಭಾರವಿಲ್ಲದೆ ಸರಾಸರಿ 14 ಮೀಟರಿನ ಸಮೀಪ, ಭಾರ ಹಿಡಿದಾಗ ಅದಕ್ಕಿಂತ ಹೆಚ್ಚು ದೂರ ಬಂತು. ಪೆಂಟಾಥ್ಲಾನ್‌ನ ಜಿಗಿತವನ್ನು ಬಿಟ್ಟುಬಿಟ್ಟು ಸಾಗುವ ಚಲನೆಗೆ ಉದಾಹರಣೆಯಾಗಿ ಕೊಡುವ ಕ್ರಿ.ಶ. ನಾಲ್ಕನೆಯ ಶತಮಾನದ ಥೆಮಿಸ್ಟಿಯಸ್‌ನ ಮಾತೂ ಎಬರ್ಟ್‌ನ ಬೆನ್ನಿಗಿದೆ. ಜಿಗಿಯುವಾಗ ಕೊಳಲು ನುಡಿಸುತ್ತಿದ್ದರೆಂದು ಪೌಸಾನಿಯಸ್ ಹೇಳುವುದೂ ಲಯಬದ್ಧ ನೆಗೆತಗಳಿಗೆ ಹೊಂದುತ್ತದೆ.

ಈ ವಾದವನ್ನು ಅರ್ಧ ಮಾತ್ರ ಒಪ್ಪಬಹುದು. ಐದು ನೆಗೆತ ಸಾಧ್ಯ ಎಂದು ಪ್ರಯೋಗ ತೋರಿಸಿತು, ಗ್ರೀಕರು ಹಾಗೆಯೇ ಮಾಡುತ್ತಿದ್ದರು ಎಂದು ತೋರಿಸಲಿಲ್ಲ. ಐದು ಎಂಬ ಸಂಖ್ಯೆಯನ್ನು ಯಾವ ಪ್ರಾಚೀನ ಲೇಖಕನೂ ಸ್ಪಷ್ಟವಾಗಿ ಹೇಳಿಲ್ಲ. 55 ಅಡಿಯನ್ನು ಉಳಿಸಿಕೊಳ್ಳುವ ಆಸೆಯೇ ಅದನ್ನು ಕರೆತಂದಂತಿದೆ. ಥೆಮಿಸ್ಟಿಯಸ್‌ನ ಸಾಕ್ಷ್ಯ, ಮಡಕೆಗಳ ಮೇಲಿನ ಚಿತ್ರಗಳು, ಕೊಳಲು ಇವು ಫಾಯ್ಲಸ್‌ನ ಹಂಗಿಲ್ಲದೆ ನಿಲ್ಲಬಲ್ಲವು. ಒಂದಕ್ಕಿಂತ ಹೆಚ್ಚು ನೆಗೆತವಿತ್ತೇ ಎಂಬ ಚರ್ಚೆ ಅವುಗಳ ಬಲದಿಂದ ಮುಂದುವರಿಯಲಿ.

ದೇಹದಿಂದಲೇ ಪರೀಕ್ಷಿಸಿ ನೋಡುವ ಪದ್ಧತಿಗೆ ಗಾರ್ಡಿನರ್‌ಗಿಂತ ಹಿಂದಿನ ಉದಾಹರಣೆಯೂ ಇದೆ. ಜೂಲಿಯಸ್ ಸೀಸರನ ಚರಿತ್ರೆ ಬರೆದ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ಗಾಗಿ ಭರ್ಜಿಯ ಪ್ರಯೋಗಗಳು ನಡೆದವು. ಬರಿಗೈಯಲ್ಲಿ 20 ಮೀಟರ್ ಹೋಗುತ್ತಿದ್ದ ಭರ್ಜಿ, ಚರ್ಮದ ಪಟ್ಟಿ ಸುತ್ತಿ ಎಸೆಯುವುದನ್ನು ಅಭ್ಯಾಸ ಮಾಡಿದ ಮೇಲೆ 80 ಮೀಟರ್ ಹೋಯಿತು. ಗ್ರೀಕ್ ಚಿತ್ರಗಳಲ್ಲಿ ಬೆರಳಿಗೆ ಸಿಕ್ಕಿಸಿದ ಆ ಪಟ್ಟಿ ಅಲಂಕಾರವಲ್ಲವೆಂದು ಅದರಿಂದ ಖಚಿತವಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ‘ಗ್ರೀಕ್ ಶೈಲಿ’ಯ ಡಿಸ್ಕಸ್. ಗ್ರಂಥ, ಶಿಲ್ಪಗಳನ್ನು ತಪ್ಪಾಗಿ ಅರ್ಥೈಸಿ, ಇಳಿಜಾರು ಪೀಠದ ಮೇಲೆ ನಿಂತು ಎಸೆಯುವ ಸ್ಪರ್ಧೆಯೊಂದನ್ನು 1906 ಮತ್ತು 1908ರ ಕೂಟಗಳಲ್ಲಿ ಸೇರಿಸಿದರು. ಪ್ರಾಚೀನರು ಎಂದೂ ಆಡದ ಆಟಕ್ಕೆ ಆಧುನಿಕರು ಪದಕ ಕೊಟ್ಟರು. ಗಾರ್ಡಿನರ್ ಈ ಪೀಠವನ್ನು ಬಲವಾಗಿ ವಿರೋಧಿಸಿದ.

ಇಷ್ಟು ಚುರುಕಾಗಿ ಸಾಕ್ಷಿ ಸೋಸಿದ ಮನುಷ್ಯ ಇನ್ನೊಂದು ಕಡೆ ಎಡವಿದ. ಗ್ರೀಕ್ ಕ್ರೀಡೆ ಆರಂಭದಲ್ಲಿ ಕುಲೀನರು ಹಣದ ಹಂಬಲವಿಲ್ಲದೆ ಆಡಿದ ಶುದ್ಧ ಹವ್ಯಾಸವಾಗಿತ್ತು, ಕಾಸು ಬಂದು ವೃತ್ತಿಪರರು ಹುಟ್ಟಿಕೊಂಡ ಮೇಲೆ ಕೆಟ್ಟಿತು ಎಂದು ಆತ ದೃಢವಾಗಿ ನಂಬಿದ್ದ, ಹಾಗೆಯೇ ಬರೆದ. ಇದು ವಿಕ್ಟೋರಿಯನ್ ಇಂಗ್ಲೆಂಡಿನ ಶಾಲಾಬಯಲಿನ ಆದರ್ಶ. ಗ್ರೀಕರ ಆಧಾರಗಳು ಬೇರೆಯೇ ಹೇಳುತ್ತವೆ. ಒಲಿಂಪಿಕ್ ವಿಜೇತನಿಗೆ 500 ದ್ರಾಕ್ಮಾ ಎಂದು ಅಥೆನ್ಸಿನ ಪ್ರಾಚೀನ ಶಾಸನಕರ್ತ ಸೋಲನ್ ಗೊತ್ತುಮಾಡಿದ್ದನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿನ ಶಾಸನವೊಂದರಲ್ಲಿ ಹುಡುಗರ ಓಟ ಗೆದ್ದವನಿಗೆ 50 ಕೊಡ ಎಣ್ಣೆ, ಎರಡನೆಯವನಿಗೆ 10 ಕೊಡ ಎಂದು ಬಹುಮಾನಗಳ ಪಟ್ಟಿಯೇ ಇದೆ. ಈ ಆಧಾರಗಳನ್ನೆಲ್ಲ ಜೋಡಿಸಿ ಅಮೆರಿಕದ ಡೇವಿಡ್ ಯಂಗ್ 1984ರಲ್ಲಿ ಗ್ರೀಕ್ ಹವ್ಯಾಸಿ ಕ್ರೀಡೆ ಎಂಬುದು 19ನೇ ಶತಮಾನದ ಕಟ್ಟುಕತೆ ಎಂದು ತೋರಿಸಿಕೊಟ್ಟ. ಹೇಳುವವರು ಯಾರು, ಯಾವ ಕಾಲದವರು ಎಂದು ಫಾಯ್ಲಸ್‌ನ ಪದ್ಯಕ್ಕೆ ಹಾಕಿದ ಪ್ರಶ್ನೆಯನ್ನು ಗಾರ್ಡಿನರ್ ತನ್ನ ಕಾಲದ ಇಂಗ್ಲಿಷ್ ಪಂಡಿತರಿಗೆ ಹಾಕಿದ್ದರೆ ಈ ಕಟ್ಟುಕತೆ ಇನ್ನೂ ಬೇಗ ಬಯಲಾಗುತ್ತಿತ್ತು. ಮೆಚ್ಚದ ಕತೆಯನ್ನು ಅನುಮಾನಿಸುವುದು ಸುಲಭ, ಗಾರ್ಡಿನರ್ ಅಷ್ಟನ್ನು ಮಾಡಿದ.

ಕನ್ನಡದಲ್ಲಿ ಪ್ರಾಚೀನ ಕ್ರೀಡೆಯ ಕುರಿತು ಬರೆಯುವವರಲ್ಲಿ ಒಂದು ಕೋರಿಕೆ. ಫಾಯ್ಲಸ್‌ನ 55 ಅಡಿಯನ್ನು ದಾಖಲೆಯೆಂದು ಬರೆಯಬೇಡಿ. ಬರೆಯಲೇಬೇಕಾದರೆ ಅದು ತಡವಾಗಿ ದೊರೆಯುವ ಒಂದು ಪದ್ಯದ ಮಾತು ಎಂದು ಜೊತೆಗೇ ತಿಳಿಸಿ. ಒಲಿಂಪಿಕ್ ದಾಖಲೆ ಎಂದಂತೂ ಕರೆಯಲೇಬೇಡಿ. ಫಾಯ್ಲಸ್ ಒಲಿಂಪಿಯಾದಲ್ಲಿ ಎಂದೂ ಗೆದ್ದವನಲ್ಲ.