ವಾಲೈ ಮೀನಿಗಾಗಿ ನಿಧಾನಿಸಿದ ದೋಣಿಗಳು

1970ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಬ್ರೈನರ್ಡ್ ಸುತ್ತಮುತ್ತಲ ಸರೋವರಗಳಲ್ಲಿ ದೋಣಿಗಳು ಹಿಂದುಮುಂದಾಗಿ ಸಾಗುತ್ತಿದ್ದವು. ಚೂಪು ಮೂತಿ ಹಿಂದೆ, ಎಂಜಿನ್ ತೂಗುಹಾಕಿದ ಚಪ್ಪಟೆ ಬೆನ್ನು ಮುಂದೆ. ಬಂದ ಅಲೆಯೆಲ್ಲ ಆ ಚಪ್ಪಟೆ ಹಲಗೆಗೆ ಬಡಿದು ಒಳಗೆ ಚಿಮ್ಮುತ್ತಿತ್ತು. ಅದನ್ನು ತಡೆಯಲು ಅಡ್ಡಹಾಳೆ ಕಟ್ಟಿಕೊಂಡು, ಮಳೆಯಂಗಿ ತೊಟ್ಟು, ಒಂದು ಕೈಯಲ್ಲಿ ಎಂಜಿನ್ನಿನ ಹಿಡಿಕೆ, ಇನ್ನೊಂದರಲ್ಲಿ ಗಾಳದ ಕೋಲು ಹಿಡಿದು ಜನ ಗಂಟೆಗಟ್ಟಲೆ ಕೂರುತ್ತಿದ್ದರು. ಇಷ್ಟು ಪಾಡು ಪಡುತ್ತಿದ್ದದ್ದು ದೋಣಿಯ ವೇಗವನ್ನು ಗಂಟೆಗೆ ಒಂದು ಮೈಲಿಯ ಆಸುಪಾಸಿಗೆ, ಅಂದರೆ ಒಂದೂವರೆ ಕಿಲೋಮೀಟರಿಗೆ ಇಳಿಸುವುದಕ್ಕಾಗಿ. ಸಂಜೆ ಅಡ್ಡಾಡಲು ಹೊರಟವರ ನಡಿಗೆಯ ವೇಗವೂ ಇದರ ಎರಡು ಮೂರು ಪಟ್ಟು ಇರುತ್ತದೆ.

ಅವರು ಹಿಡಿಯಲು ಹೊರಟಿದ್ದದ್ದು ವಾಲೈ. ಪರ್ಚ್ ಕುಟುಂಬಕ್ಕೆ ಸೇರಿದ, ಬಂಗಾರ ಬೆರೆತ ಹಸಿರು ಮೈಯ, ಚೂಪು ಹಲ್ಲಿನ ಸಿಹಿನೀರ ಮೀನು. ಕೆನಡಾದಿಂದ ಅಮೆರಿಕದ ಉತ್ತರದ ರಾಜ್ಯಗಳವರೆಗೆ ಇದರ ನೆಲೆ. ಬಿಳಿಯ, ಮುಳ್ಳಿನ ಕಾಟ ಕಡಿಮೆ ಇರುವ ಮಾಂಸಕ್ಕೆ ಅಲ್ಲಿ ಭಾರಿ ಆದರ. ಮಿನ್ನೆಸೋಟ 1965ರಲ್ಲೇ ಇದನ್ನು ರಾಜ್ಯದ ಮೀನೆಂದು ಘೋಷಿಸಿತು. ಇದರ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿ ಹೊಮ್ಮಿಸುವ ಪದರವೊಂದಿದೆ. ಬೇರೆ ಮೀನುಗಳಿಗೆ ಕಣ್ಣು ಕಾಣದ ಮಬ್ಬಿನಲ್ಲಿ, ಕದಡಿದ ನೀರಿನಲ್ಲಿ ಇದಕ್ಕೆ ಬೇಟೆ ಕಾಣುತ್ತದೆ. ಹಗಲಿನಲ್ಲಿ ಮಾತ್ರ ಆಳಕ್ಕೆ ಸರಿದು ಅಲ್ಲೇ ಠಿಕಾಣಿ ಹೂಡುತ್ತದೆ. ಹಾಗೆ ತಳ ಸೇರಿದ ಮೀನಿನ ಮೂಗಿನ ಮುಂದೆ ಎರೆಯನ್ನು ಸರಿಯಾದ ಆಳದಲ್ಲಿ, ಅದಕ್ಕೆ ಒಪ್ಪುವ ವೇಗದಲ್ಲಿ ಸಾಗಿಸುವುದು ಹೇಗೆಂಬ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಆ ಕಣ್ಣಿನ ಗುಟ್ಟನ್ನು ಮೊದಲು ತಿಳಿದವರು ಈ ಸರೋವರಗಳ ನಾಡಿನ ಮೂಲನಿವಾಸಿಗಳಾದ ಒಜಿಬ್ವೆ ಜನ. ಅವರ ಭಾಷೆಯಲ್ಲಿ ಇದು ‘ಒಗಾ’. ವಸಂತದಲ್ಲಿ ಹಿಮ ಕರಗಿ ಮೀನು ಮೊಟ್ಟೆಯಿಡಲು ದಡದ ಕಲ್ಲುಗಳತ್ತ ಬಂದಾಗ, ಅವರು ಬರ್ಚ್ ತೊಗಟೆಯ ದೋಣಿಗಳಲ್ಲಿ ದೀವಟಿಗೆ ಹೊತ್ತಿಸಿಕೊಂಡು ರಾತ್ರಿ ಹೊರಡುತ್ತಿದ್ದರು. ಬೆಳಕಿಗೆ ನೀರಡಿಯ ಕಣ್ಣುಗಳು ಹೊಳೆದವೆಂದರೆ ಈಟಿ ಇಳಿಯುತ್ತಿತ್ತು. ನೆರೆಯ ವಿಸ್ಕಾನ್ಸಿನ್ ರಾಜ್ಯದ ಲ್ಯಾಕ್ ಡು ಫ್ಲಾಂಬೋ ಎಂಬ ಊರಿಗೆ ಫ್ರೆಂಚರು ಹೆಸರಿಟ್ಟದ್ದು ಈ ದೀವಟಿಗೆಗಳನ್ನು ಕಂಡೇ. ಈಟಿ ಹಿಡಿದವನಷ್ಟೇ ಮುಖ್ಯನಾದವನು ಹಿಂದೆ ಕೂತು ಸದ್ದಿಲ್ಲದೆ ದೋಣಿಯನ್ನು ತೆವಳಿಸುವವನು. ಅವನ ಕೈ ತಪ್ಪಿದರೆ ಮೀನೂ ತಪ್ಪಿತು. 1837ರಲ್ಲಿ ನೆಲ ಬಿಟ್ಟುಕೊಡುವಾಗ ಈ ಜನ ಬೇಟೆಯ ಮತ್ತು ಮೀನಿನ ಹಕ್ಕನ್ನು ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. ಆಮೇಲೆ ಸರ್ಕಾರಗಳು ಅದನ್ನು ದಶಕಗಟ್ಟಲೆ ಅಲ್ಲಗಳೆದವು. 1983ರಲ್ಲಿ ವಿಸ್ಕಾನ್ಸಿನ್ನಿನ ಪ್ರಕರಣವೊಂದರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, 1999ರಲ್ಲಿ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿದವು. ವಾಲೈ ಬೇಟೆಯ ಯಾವ ಚರಿತ್ರೆಯನ್ನೂ ಎಂಜಿನ್‌ನಿಂದ ಆರಂಭಿಸುವುದು ನ್ಯಾಯವಲ್ಲ.

ವಸಾಹತುಗಾರರ ವಿಧಾನ ಬೇರೆ. ಚಲಿಸುವ ದೋಣಿಯ ಹಿಂದೆ ದಾರ ಇಳಿಬಿಟ್ಟು ಎರೆಯನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಎಳೆಯುವ ಬಲೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ದಾರ, ಗಾಳ, ಒಂದು ಸಲಕ್ಕೆ ಒಂದೇ ಮೀನು. ನ್ಯೂಯಾರ್ಕಿನ ವೈಟ್‌ಹಾಲ್ ಊರಿನ ಜೂಲಿಯೊ ಬ್ಯುಯೆಲ್ 1852ರಲ್ಲಿ ಲೋಹದ ಚಮಚದ ಆಕಾರದ ಗಾಳಕ್ಕೆ ಪೇಟೆಂಟ್ ಪಡೆದ. ದೋಣಿಯಲ್ಲಿ ಊಟ ಮಾಡುವಾಗ ಅವನ ಚಮಚ ಕೈಜಾರಿ ನೀರಿಗೆ ಬಿತ್ತು, ಹೊಳೆಯುತ್ತ ಮುಳುಗುತ್ತಿದ್ದ ಅದಕ್ಕೆ ಮೀನು ಬಾಯಿ ಹಾಕಿತು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಕಥೆ ನಿಜವೋ ಸುಳ್ಳೋ, ಪೇಟೆಂಟ್ ನಿಜ. ಈ ತಗಡಿನ ಗಾಳಗಳು ತಿರುಗುವುದು, ಒಲೆಯುವುದು ಎಲ್ಲ ದೋಣಿ ಎಳೆದಾಗ ಮಾತ್ರ. ಆ ಕಾಲದಲ್ಲಿ ವೇಗದ ಲೆಕ್ಕವೆಲ್ಲ ಹುಟ್ಟು ಹಾಕುವವನ ತೋಳಿನಲ್ಲಿತ್ತು. ಒಂದು ಹುಟ್ಟಿಗೂ ಇನ್ನೊಂದಕ್ಕೂ ನಡುವೆ ದೋಣಿ ಕೊಂಚ ನಿಧಾನಿಸುತ್ತದೆ, ಗಾಳ ಒಂದಿಷ್ಟು ಇಳಿಯುತ್ತದೆ. ಮುಂದಿನ ಹುಟ್ಟಿಗೆ ಮತ್ತೆ ಜಿಗಿಯುತ್ತದೆ. ಆ ಏರಿಳಿತಕ್ಕೆ ಮೀನು ಸೋಲುತ್ತಿತ್ತು.

ನಾರ್ವೆಯಿಂದ ಬಂದ ಕುಟುಂಬದ ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿ ನಗರದಲ್ಲಿ ಒಂದೂವರೆ ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ನನ್ನು ಮಾರುಕಟ್ಟೆಗೆ ತಂದ. ಅದರ ತೂಕ 62 ಪೌಂಡ್. ಹುಟ್ಟುಗಳನ್ನು ಎಸೆದುಬಿಡಿ ಎಂದು ಕರೆ ಕೊಡುವ ಜಾಹೀರಾತು ಬರೆದವಳು ಅವನ ಹೆಂಡತಿ ಬೆಸ್. ಜನ ಎಸೆದರು. ಕರಾವಳಿಯ ನಾಡದೋಣಿಗಳ ಬೆನ್ನಿಗೆ ಇವತ್ತು ತೂಗುವ ಎಂಜಿನ್‌ಗಳು ಕೂಡ ಅದೇ ವಂಶದವು. ಆದರೆ ವಾಲೈ ಹಿಡಿಯುವವರಿಗೆ ಈ ವರ ಒಂದು ತೊಡಕನ್ನೂ ತಂದಿತು. ಎಂಜಿನ್ ತಯಾರಕರು ವರ್ಷ ವರ್ಷವೂ ಶಕ್ತಿ ಹೆಚ್ಚಿಸುತ್ತ ಹೋದರು. ದೂರದ ಮೀನಿನ ತಾಣಕ್ಕೆ ಬೇಗ ಹೋಗಲು ಅದು ಬೇಕು. ಅಲ್ಲಿ ಮುಟ್ಟಿದ ಮೇಲೆ ಮಾಡುವುದೇನು? ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ತೀರಾ ನಿಧಾನಕ್ಕೆ ಇಳಿಸಿದರೆ ಹೊಗೆ ಕಾರುತ್ತಿದ್ದವು, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿದು ನಿಂತೇ ಹೋಗುತ್ತಿದ್ದವು. ಹೆಚ್ಚು ಶಕ್ತಿಯವಂತೂ ಕನಿಷ್ಠ ವೇಗದಲ್ಲಿಯೂ ಮೀನಿನ ಪಾಲಿಗೆ ಅತಿಯಾಗಿಯೇ ಓಡುತ್ತಿದ್ದವು.

ಹೀಗಾಗಿ ಎಂಜಿನ್ ಕೊಂಡವರೇ ಅದಕ್ಕೆ ಕಡಿವಾಣ ಹುಡುಕಬೇಕಾಯಿತು. ಕೆಲವರು ತೂತು ಕೊರೆದ ಬಕೆಟ್ಟುಗಳನ್ನು ಹಗ್ಗಕ್ಕೆ ಕಟ್ಟಿ ನೀರಿನಲ್ಲಿ ಎಳೆದುಕೊಂಡು ಹೋದರು. ಅದೇ ಉಪಾಯ ಮುಂದೆ ನೀರು ತುಂಬಿ ಉಬ್ಬುವ ಬಟ್ಟೆಯ ಚೀಲವಾಗಿ ಅಂಗಡಿಗೆ ಬಂತು. ಪ್ರೊಪೆಲ್ಲರ್ ತಳ್ಳಿದ ನೀರಿಗೆ ಅಡ್ಡಲಾಗಿ ಇಳಿಯುವ ಲೋಹದ ತಟ್ಟೆ ಇನ್ನೊಂದು ಉಪಾಯ. ದೊಡ್ಡ ಎಂಜಿನ್ನಿನ ಪಕ್ಕದಲ್ಲಿ ಹತ್ತು ಅಶ್ವಶಕ್ತಿಯೊಳಗಿನ ಚಿಕ್ಕದೊಂದನ್ನು ಜೋಡಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು. ಬೇರೆಯದೇ ಹಾದಿ ಹಿಡಿದವನು ಉತ್ತರ ಡಕೋಟದ ಫಾರ್ಗೋ ನಗರದ ಓ. ಜಿ. ಶ್ಮಿಟ್. ಅವನು 1934ರಲ್ಲಿ ಬ್ಯಾಟರಿಯಿಂದ ಓಡುವ ಟ್ರೋಲಿಂಗ್ ಮೋಟಾರನ್ನೇ ಮಾಡಿದ. ಮಿನ್ನೆಸೋಟ ಮತ್ತು ಡಕೋಟಗಳ ಗಡಿಯಲ್ಲಿ ಹುಟ್ಟಿದ ಆ ಕಂಪನಿ ಮಿನ್ ಕೋಟ ಎಂಬ ಹೆಸರಿನಲ್ಲಿ ಈಗಲೂ ನಡೆಯುತ್ತಿದೆ.

ಅತ್ತ ಫಿನ್‌ಲೆಂಡಿನಲ್ಲಿ ಎಂಜಿನ್ನಿನ ಹಂಗೇ ಇಲ್ಲದ ಬಡ ಬೆಸ್ತನೊಬ್ಬ ಪೈಯಾನ್ನೆ ಸರೋವರದಲ್ಲಿ ಹುಟ್ಟು ಹಾಕುತ್ತ ಗಾಳ ಎಳೆಯುತ್ತಿದ್ದ. ಹೆಸರು ಲೌರಿ ರಾಪಲಾ. ಚಿಕ್ಕ ಮೀನುಗಳ ಗುಂಪಿನಲ್ಲಿ ಗಾಯಗೊಂಡು ಓರೆಯಾಗಿ ತಡವರಿಸುವ ಮೀನಿನ ಮೇಲೆಯೇ ದೊಡ್ಡ ಮೀನು ಎರಗುವುದನ್ನು ಅವನು ಗಮನಿಸಿದ. 1936ರಲ್ಲಿ ಚಮ್ಮಾರರ ಚಾಕುವಿನಿಂದ ಬೆಂಡಿನ ತುಂಡೊಂದನ್ನು ಕೆತ್ತಿ, ಮರಳುಕಾಗದದಲ್ಲಿ ಉಜ್ಜಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಮೆರುಗು ಬಳಿದ. ಕೈಹುಟ್ಟಿನ ನಿಧಾನ ವೇಗದಲ್ಲೂ ಗಾಯದ ಮೀನಿನಂತೆ ತೊನೆಯುವ ನಕಲಿ ಮೀನು ಸಿದ್ಧವಾಯಿತು. ಮಿನ್ನಿಯಾಪೊಲಿಸ್ಸಿನ ರಾನ್ ವೇಬರ್ ಮತ್ತು ರೇ ಓಸ್ಟ್ರಮ್ ಅದನ್ನು ಅಮೆರಿಕಕ್ಕೆ ತಂದರು. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಲೇಖನ ಪ್ರಕಟಿಸಿತು. ತೀರಿಕೊಂಡ ಮರ್ಲಿನ್ ಮನ್ರೋಳ ಚಿತ್ರ ಮುಖಪುಟದಲ್ಲಿದ್ದ ಸಂಚಿಕೆ ಅದು, ಮನೆಮನೆ ತಲುಪಿತು. ಬೆಂಡಿನ ಮೀನಿಗೆ ಪೂರೈಸಲಾಗದಷ್ಟು ಬೇಡಿಕೆ ಬಂತು. ವಾಲೈ ಹಿಡಿಯುವವರ ಪೆಟ್ಟಿಗೆಯಲ್ಲಿ ಅದು ಇಂದಿಗೂ ಇದೆ.

ವೇಗ ಎನ್ನುವುದು ಅದೃಷ್ಟದ ಮಾತಲ್ಲ, ಅಳೆದು ಬದಲಿಸಬೇಕಾದ ಸಂಗತಿ ಎಂದು ಪಟ್ಟು ಹಿಡಿದು ಸಾರಿದವನು ಉತ್ತರ ಕೆರೊಲಿನದ ಬಕ್ ಪೆರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನು ಸ್ಪೂನ್‌ಪ್ಲಗ್ ಎಂಬ ತಗಡಿನ ಗಾಳಗಳನ್ನು ಮಾಡಿ, ಸರೋವರದ ತಳದ ಏರುತಗ್ಗುಗಳನ್ನು ಅವುಗಳಿಂದಲೇ ತಡವಿ ತಿಳಿಯುತ್ತಿದ್ದ. ಮೀನು ಹಿಡಿಯುವವನ ಹತೋಟಿಯಲ್ಲಿರುವುದು ಆಳ ಮತ್ತು ವೇಗ, ಬಣ್ಣ ಆಕಾರಗಳೆಲ್ಲ ಆಮೇಲಿನ ಮಾತು ಎಂಬುದು ಅವನ ಪಾಠದ ತಿರುಳು. ನಿಧಾನವೊಂದೇ ದಾರಿ ಎಂದು ಅವನು ನಂಬಿರಲಿಲ್ಲ; ಬೇಸಿಗೆಯ ಬೆಚ್ಚಗಿನ ನೀರಿನಲ್ಲಿ ಇತರರು ಹುಬ್ಬೇರಿಸುವಷ್ಟು ರಭಸದಲ್ಲಿ ಎಳೆದು ಮೀನು ಹಿಡಿದು ತೋರಿಸಿದ. 1959ರಲ್ಲಿ ಲೋರೆನ್ಸ್ ಕಂಪನಿ ಹಸಿರು ಬಣ್ಣದ, ಕೈಯಲ್ಲಿ ಹೊತ್ತೊಯ್ಯುವ, ಶಬ್ದದಿಂದ ಆಳ ಅಳೆಯುವ ಸೋನಾರ್ ಪೆಟ್ಟಿಗೆ ತಂದಾಗ ಸಮಸ್ಯೆಯ ಆಳದ ಅರ್ಧ ಬಗೆಹರಿಯಿತು.

ವೇಗದ ಅರ್ಧ ಮಿನ್ನೆಸೋಟದವರ ಪಾಲಿಗೆ ಬಂತು. ಷಿಕಾಗೊ ಕಡೆಯಿಂದ ಬ್ರೈನರ್ಡ್‌ಗೆ ಬಂದು ನೆಲೆಸಿದ ಅಣ್ಣತಮ್ಮಂದಿರಾದ ರಾನ್ ಮತ್ತು ಆಲ್ ಲಿಂಡ್ನರ್ 1968ರಲ್ಲಿ ಲಿಂಡಿ ರಿಗ್ ಎಂಬ ಸರಳ ಜೋಡಣೆಯನ್ನು ಮಾರಾಟಕ್ಕಿಟ್ಟರು. ಪಾದದಂತೆ ಬಾಗಿದ ಸೀಸದ ತುಂಡು ತಳವನ್ನು ತಡವುತ್ತ ಸಾಗುತ್ತದೆ. ದಾರ ಅದರ ತೂತಿನಲ್ಲಿ ಸಲೀಸಾಗಿ ಜಾರುತ್ತದೆ. ತುದಿಯ ಗಾಳದಲ್ಲಿ ಜೀವಂತ ಜಿಗಣೆ, ಎರೆಹುಳು ಇಲ್ಲವೇ ಮರಿಮೀನು. ವಾಲೈ ಮೆಲ್ಲಗೆ ಬಾಯಿ ಹಾಕಿದಾಗ ಬೆರಳಿನಿಂದ ದಾರ ಸಡಿಲ ಬಿಡಬೇಕು. ಸೀಸದ ಭಾರ ಮೀನಿಗೆ ಗೊತ್ತೇ ಆಗಬಾರದು. ದೋಣಿ ಕೊಂಚ ಜೋರಾದರೂ ಸೀಸ ತಳ ಬಿಟ್ಟೇಳುತ್ತದೆ, ಹುಳು ಗಿರಗಿರ ತಿರುಗಿ ದಾರ ಸುರುಳಿಯಾಗುತ್ತದೆ, ಕಚ್ಚಿದ ಮೀನು ಬಿಟ್ಟೋಡುತ್ತದೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ದಾರ ಎಂಬ ಕಾನೂನಿನ ರಾಜ್ಯ ಅದು. ಆ ಒಂದು ದಾರವೇ ಸರಿಯಾಗಿ ಕೆಲಸ ಮಾಡಬೇಕು. ಈ ನಾಜೂಕಿಗಾಗಿಯೇ ದೋಣಿ ಹಿಂದುಮುಂದಾದದ್ದು. ಚಪ್ಪಟೆ ಬೆನ್ನು ನೀರನ್ನು ಸೀಳಲಾರದೆ ತಳ್ಳುತ್ತದೆ, ಪ್ರೊಪೆಲ್ಲರ್ ರಿವರ್ಸಿನಲ್ಲಿ ಅರೆಬರೆ ಕೆಲಸ ಮಾಡುತ್ತದೆ, ಎರಡೂ ಸೇರಿ ವೇಗ ಬೀಳುತ್ತದೆ. ಇನ್ನೊಂದು ಲಾಭವೂ ಇತ್ತು. ಎಂಜಿನ್ ಮುಂದಿದ್ದು ಎಳೆದಾಗ ಹಗುರ ಮೂತಿ ಗಾಳಿಗೆ ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ. ನೀರಡಿಯ ದಿಬ್ಬದ ಅಂಚನ್ನು ಗೆರೆ ಎಳೆದಂತೆ ಅನುಸರಿಸಬಹುದು. 1975ರಲ್ಲಿ ಇವರು ‘ಇನ್-ಫಿಷರ್‌ಮನ್’ ಪತ್ರಿಕೆ ಆರಂಭಿಸಿ ಈ ವಿದ್ಯೆಯನ್ನು ಚಿತ್ರ ಬರೆದು ವಿವರಿಸಿದರು. ಸ್ಥಳೀಯ ಗೈಡುಗಳ ಕೈಯಲ್ಲಿದ್ದ ಕಸುಬು ಓದಿ ಕಲಿಯುವಂತಾಯಿತು. ಈ ಒಂದು ಕೆಲಸಕ್ಕೆ ಲಿಂಡ್ನರ್ ಸೋದರರನ್ನು ಎಷ್ಟು ಹೊಗಳಿದರೂ ಸಾಲದು.

ಟ್ರೋಲಿಂಗಿನ ಮುಂದಿನ ಅಧ್ಯಾಯ ನಡೆದದ್ದು ಅಮೆರಿಕ-ಕೆನಡಾ ಗಡಿಯ ಮಹಾಸರೋವರಗಳಲ್ಲಿ ಒಂದಾದ ಈರಿಯಲ್ಲಿ. ಅದರ ಕಥೆಯ ಆರಂಭದಲ್ಲಿ ದುಃಖವಿದೆ. ಅಲ್ಲಿನ ವಾಲೈಯ ಹತ್ತಿರದ ಬಂಧು ನೀಲಿ ಪೈಕ್ 1950ರ ದಶಕದ ಕೊನೆಗೆ ಕುಸಿದು, 1983ರಲ್ಲಿ ಅಳಿದುಹೋಗಿದೆ ಎಂದು ಘೋಷಣೆಯಾಯಿತು. 1970ರಲ್ಲಿ ವಾಲೈಯ ಮೈಯಲ್ಲಿ ಪಾದರಸ ಪತ್ತೆಯಾಗಿ ಮೀನುಗಾರಿಕೆಗೆ ಬೀಗ ಬಿತ್ತು. ಬಲೆಗಳು ಮೇಲೆ ಬಂದವು, 1972ರ ಅಮೆರಿಕ-ಕೆನಡಾ ಒಪ್ಪಂದದಿಂದ ನೀರು ಕೊಂಚ ಕೊಂಚವಾಗಿ ತಿಳಿಯಾಯಿತು, ವಾಲೈ ಮರಳಿ ಬಂತು. 1982ರಲ್ಲಿ ಹುಟ್ಟಿದ ಮರಿಗಳ ಪೀಳಿಗೆ ಅಪಾರ. ಆಗ ಸರೋವರದ ಪಶ್ಚಿಮ ಭಾಗದಲ್ಲಿ, ಸರಾಸರಿ ಏಳು ಮೀಟರಿನಷ್ಟೇ ಆಳದ ನೀರಿನಲ್ಲಿ, ಜನ ಗಾಳಿಗೆ ದೋಣಿ ಬಿಟ್ಟು ಗಾಳ ಬೀಸಿ ಹಿಡಿಯುತ್ತಿದ್ದರು.

ಹಡಗುಗಳ ಒಡಲಿನ ನೀರಿನಲ್ಲಿ ಯುರೋಪಿನಿಂದ ಬಂದ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ 1988ರಲ್ಲಿ ಪಕ್ಕದ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಕೆಲವೇ ವರ್ಷಗಳಲ್ಲಿ ಅವು ಈರಿಯ ನೀರನ್ನು ಸೋಸಿ ತಿಳಿಗೊಳಿಸಿದವು. ಬೆಳಕು ಒಲ್ಲದ ವಾಲೈ ಚದುರಿ ಆಳಕ್ಕೆ, ವಿಶಾಲ ನೀರಿನ ನಡುವಿಗೆ ಸರಿಯಿತು. ಅಲ್ಲಿ ಅದನ್ನು ಹುಡುಕಲು ಟ್ರೋಲಿಂಗ್ ಬೇಕಾಯಿತು. ಅದೃಷ್ಟಕ್ಕೆ ಸಲಕರಣೆಗಳು ಸಿದ್ಧವಿದ್ದವು. 1966ರಲ್ಲಿ ಮಿಷಿಗನ್ ರಾಜ್ಯದ ಮೀನುಗಾರಿಕಾ ಅಧಿಕಾರಿ ಹೋವರ್ಡ್ ಟ್ಯಾನರ್ ಮಹಾಸರೋವರಗಳಿಗೆ ಕೋಹೋ ಸಾಲ್ಮನ್ ತಂದು ಬಿಟ್ಟ ಮೇಲೆ, ಅದನ್ನು ಹಿಡಿಯುವವರು ದಾರಗಳನ್ನು ದೋಣಿಯ ಎರಡೂ ಬದಿಗೆ ದೂರ ಒಯ್ಯುವ ಹಲಗೆಗಳನ್ನು, ಆಳಕ್ಕಿಳಿಸುವ ಗುಂಡುಗಳನ್ನು ಪಳಗಿಸಿಕೊಂಡಿದ್ದರು. ವಾಲೈಯವರು ಅವುಗಳನ್ನು ಎರವಲು ಪಡೆದರು.

ದೋಣಿಯ ಇಬ್ಬದಿಗೂ ದಾರ ಹರಡಿದಾಗ ಒಂದು ಸೊಗಸಾದ ಉಪಾಯ ಕೈಗೆ ಬಂತು. ದೋಣಿ ಎಡಕ್ಕೆ ತಿರುಗಿದರೆ ಎಡಬದಿಯ ಗಾಳಗಳು ನಿಧಾನಿಸುತ್ತವೆ, ಬಲಬದಿಯವು ವೇಗ ಪಡೆಯುತ್ತವೆ. ಮೀನು ಬಲಬದಿಗೆ ಕಚ್ಚಿದರೆ ವೇಗ ಹೆಚ್ಚಿಸು ಎಂದರ್ಥ. ಎಡಕ್ಕೆ ಕಚ್ಚಿದರೆ ಇಳಿಸು. ಹಾಗಾಗಿ ಅನುಭವಿಗಳು ನೇರ ಸಾಗದೆ ಹಾವಿನ ಹಾದಿಯಲ್ಲಿ ಹೋಗುತ್ತಾರೆ. ಸೀಸದ ಎಳೆ ತುಂಬಿದ ದಾರ ನಿಧಾನಿಸಿದಾಗ ಮುಳುಗಿ, ಜೋರಾದಾಗ ಮೇಲೇಳುತ್ತದೆ. ತುಟಿಯಿರುವ ನಕಲಿ ಮೀನು ಎಳೆದಷ್ಟೂ ಆಳಕ್ಕೆ ಹೋಗುತ್ತದೆಂದು ಬಹುಕಾಲ ಎಲ್ಲರೂ ನಂಬಿದ್ದರು. 1990ರ ದಶಕದಲ್ಲಿ ಮುಳುಗುಗಾರರನ್ನು ಇಳಿಸಿ ಅಳೆದು ನೋಡಿದಾಗ ಅದರ ಆಳವನ್ನು ವೇಗಕ್ಕಿಂತ ದಾರದ ಉದ್ದ ಮತ್ತು ದಪ್ಪ ನಿರ್ಧರಿಸುತ್ತವೆಂದು ಗೊತ್ತಾಯಿತು.

ವೇಗವನ್ನು ಅಳೆಯುವುದಕ್ಕೆ ಮೊದಲು ಇದ್ದದ್ದು ದೋಣಿಯಡಿಯ ಪುಟ್ಟ ಚಕ್ರ. ಜೊಂಡು ಸಿಕ್ಕಿಕೊಂಡರೆ ಅದು ನಿಲ್ಲುತ್ತಿತ್ತು, ತೀರಾ ನಿಧಾನದಲ್ಲಿ ತಪ್ಪು ಹೇಳುತ್ತಿತ್ತು. 2000ದ ಮೇ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಂದ ಮೈಲಿಯ ಹತ್ತನೇ ಒಂದು ಪಾಲಿನ ವ್ಯತ್ಯಾಸವೂ ಪರದೆಯಲ್ಲಿ ನಂಬುವಂತೆ ಕಾಣತೊಡಗಿತು. ಸದ್ದಿಲ್ಲದ ಫೋರ್ ಸ್ಟ್ರೋಕ್ ಎಂಜಿನ್‌ಗಳು ಬಂದ ಮೇಲೆ ಹಿಂದುಮುಂದಾಗಿ ಸಾಗುವ ಅಗತ್ಯ ಹಲವರಿಗೆ ಉಳಿಯಲಿಲ್ಲ. ಮೂತಿಗೆ ಕಟ್ಟಿದ ವಿದ್ಯುತ್ ಮೋಟಾರು ಹೇಳಿದ ವೇಗದಲ್ಲಿ ಹೇಳಿದ ಹಾದಿಯನ್ನು ತಾನೇ ಹಿಡಿಯುತ್ತದೆ.

ಆದರೂ ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗವನ್ನು. ಈರಿಯಂಥ ನೀರಿನಲ್ಲಿ ಮೇಲೆ ಒಂದು ದಿಕ್ಕಿನ ಸೆಳೆತ, ಹದಿನೈದು ಮೀಟರ್ ಕೆಳಗೆ ಇನ್ನೊಂದು. ಪರದೆ ಎರಡು ಮೈಲಿ ಎನ್ನುವಾಗ ಅರ್ಧ ಮೈಲಿಯ ಎದುರು ಸೆಳೆತವಿದ್ದರೆ ಗಾಳಕ್ಕೆ ತಾಗುವ ವೇಗ ಎರಡೂವರೆ. ತಿರುಗಿ ಬರುವಾಗ ಒಂದೂವರೆ. ಆಳದ ವೇಗವನ್ನು ಅಳೆದು ಮೇಲಕ್ಕೆ ತಿಳಿಸುವ ಉಪಕರಣಗಳು ಇವೆ. ಅವು ಇಲ್ಲದವರು ದಾರದ ಓರೆಯನ್ನೂ ಕೋಲಿನ ತುದಿಯ ಮಿಡಿತವನ್ನೂ ನೋಡುತ್ತಾರೆ. ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ ಮೀನು ಕಚ್ಚುತ್ತಿದ್ದರೆ, ಗಾಳಗಳನ್ನೆಲ್ಲ ಸುತ್ತಿಕೊಂಡು ಹೊರಟಲ್ಲಿಗೆ ವಾಪಸ್ಸು ಹೋಗಿ ಅದೇ ದಿಕ್ಕಿಗೆ ಮತ್ತೆ ಇಳಿಬಿಡುತ್ತಾರೆ.